ರಕ್ತದ ವರದಿ ಹೃದಯದ ಬಗ್ಗೆ ಏನು ಹೇಳುತ್ತದೆ?

ಕಳೆದ ಮಳೆಗಾಲದ ಒಂದು ಸಂಜೆ 48 ವರ್ಷದ ಬಟ್ಟೆ ವ್ಯಾಪಾರಿಯೊಬ್ಬರು ನನ್ನ ಕ್ಲಿನಿಕ್‌ಗೆ ಬಂದರು. ಜೊತೆಯಲ್ಲಿ ಅವರ ಭಾವನೂ ಇದ್ದರು. "ಡಾಕ್ಟ್ರೇ, ಒಂದು ಗಂಟೆಯಿಂದ ಎದೆಯಲ್ಲಿ ಗ್ಯಾಸ್ ಕಟ್ಟಿದ ಹಾಗಿದೆ. ಹೋದ ಸಲ ಕೊಟ್ಟಿದ್ದೀರಲ್ಲ, ಅದೇ ಜವಾರಿಶ್ ಕಮೂನಿ ಕೊಡಿ, ಸಾಕು" ಎಂದರು. ಎಲ್ಲಿ ನೋವು ಎಂದು ಕೇಳಿದಾಗ ಬೆರಳು ತೋರಿಸಲಿಲ್ಲ. ಇಡೀ ಅಂಗೈಯನ್ನು ಎದೆಯ ನಡುವೆ ಒತ್ತಿ ಹಿಡಿದರು. ಹೊರಗೆ ತಂಪು ಗಾಳಿ ಬೀಸುತ್ತಿದ್ದರೂ ಅವರ ಹಣೆ ಬೆವರಿತ್ತು.

ಕೂಡಲೇ ಆಸ್ಪತ್ರೆಗೆ ಹೋಗಬೇಕು ಎಂದೆ. ಆಗ ಭಾವ ಚೀಲದಿಂದ ಒಂದು ಲ್ಯಾಬ್ ವರದಿ ತೆಗೆದು ಮೇಜಿನ ಮೇಲಿಟ್ಟರು. "ಮೂರು ವಾರದ ಹಿಂದಷ್ಟೇ ಫುಲ್ ಬಾಡಿ ಚೆಕಪ್ ಮಾಡಿಸಿದ್ದಾರೆ. ಕೊಲೆಸ್ಟರಾಲ್ ನಾರ್ಮಲ್, ಶುಗರ್ ನಾರ್ಮಲ್. ಹಾರ್ಟ್ ಪ್ರಾಬ್ಲಂ ಇರಲಿಕ್ಕೆ ಸಾಧ್ಯವೇ ಇಲ್ಲ" ಎಂದರು. ಅವರನ್ನು ಒಪ್ಪಿಸಿ ಕಳುಹಿಸಲು ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷ ವ್ಯರ್ಥವಾದುದು ಆ ಒಂದು ಹಾಳೆಯಿಂದ.

ಆಸ್ಪತ್ರೆಯಲ್ಲಿ ಮೊದಲ ಇಸಿಜಿಯಲ್ಲಿ ಸ್ಪಷ್ಟವಾದ ಬದಲಾವಣೆ ಕಾಣಲಿಲ್ಲ. ಟ್ರೋಪೋನಿನ್ ಎಂಬ ರಕ್ತಪರೀಕ್ಷೆ ಮಾಡಿದರು. ಅದೂ ಮಿತಿಯೊಳಗೇ ಇತ್ತು. ಮನೆಯವರು ಹೊರಡಲು ಎದ್ದು ನಿಂತಿದ್ದರು. ಕರ್ತವ್ಯದಲ್ಲಿದ್ದ ವೈದ್ಯೆ ಮಾತ್ರ ಬಿಡಲಿಲ್ಲ: "ಮೂರು ಗಂಟೆ ಇಲ್ಲೇ ಮಲಗಿರಲಿ, ಇನ್ನೊಮ್ಮೆ ರಕ್ತ ತೆಗೆಯಬೇಕು." ಎರಡನೇ ಬಾರಿ ಅದೇ ಸಂಖ್ಯೆ ಹಲವು ಪಟ್ಟು ಏರಿತ್ತು. ಮರುದಿನ ಅವರಿಗೆ ಸ್ಟೆಂಟ್ ಹಾಕಿದರು. ಈಗ ಅಂಗಡಿಯಲ್ಲಿ ಕುಳಿತು ವ್ಯಾಪಾರ ಮಾಡುತ್ತಿದ್ದಾರೆ.

ಹಾಗಾದರೆ ಮೂರು ವಾರದ ಹಿಂದಿನ ವರದಿ ಸುಳ್ಳೇ? ಅಲ್ಲ. ಮೊದಲ ಟ್ರೋಪೋನಿನ್ ಸುಳ್ಳೇ? ಅದೂ ಅಲ್ಲ. ಪ್ರತಿಯೊಂದು ರಕ್ತಪರೀಕ್ಷೆಯೂ ಒಂದು ನಿರ್ದಿಷ್ಟ ಪ್ರಶ್ನೆಗೆ, ಒಂದು ನಿರ್ದಿಷ್ಟ ಹೊತ್ತಿನಲ್ಲಿ ಕೊಡುವ ಉತ್ತರ. ಬೇರೆ ಪ್ರಶ್ನೆಗೆ ಆ ಉತ್ತರವನ್ನು ಬಳಸಿದರೆ ಅಪಾಯ. ಈ ಸಂಚಿಕೆಯಲ್ಲಿ ಅದನ್ನೇ ತಿಳಿದುಕೊಳ್ಳೋಣ.

ಬಯೋಮಾರ್ಕರ್ ಎಂದರೇನು?

ದೇಹದೊಳಗೆ ನಡೆಯುತ್ತಿರುವುದನ್ನು ಹೊರಗಿನಿಂದ ಅಳೆದು ತಿಳಿಯಲು ನೆರವಾಗುವ ಗುರುತಿಗೆ ಬಯೋಮಾರ್ಕರ್ ಅಥವಾ ಜೈವಿಕ ಸೂಚಕ ಎನ್ನುತ್ತಾರೆ. ಈ ಆಲೋಚನೆ ಹೊಸದೇನಲ್ಲ. ಯುನಾನಿ ವೈದ್ಯರು ನಬ್ಝ್ ಅಂದರೆ ನಾಡಿಯ ಹತ್ತು ಲಕ್ಷಣಗಳನ್ನು ನೋಡುತ್ತಿದ್ದರು, ಮೂತ್ರದ ಬಣ್ಣ, ತಿಳಿ, ಗಸಿಯನ್ನು ಪರೀಕ್ಷಿಸುತ್ತಿದ್ದರು. ಕಾಯಿಲೆ ಯಾವುದು ಎನ್ನುವುದರ ಜೊತೆಗೆ ಅದು ಎತ್ತ ಸಾಗುತ್ತದೆ ಎಂದು ತಿಳಿಯುವುದೂ ಅವರ ಉದ್ದೇಶವಾಗಿತ್ತು. ಆದರೆ ನಾಡಿಗೂ ಮಿತಿಯಿದೆ. ಹೃದಯದ ರಕ್ತನಾಳ ಮುಚ್ಚಿಕೊಂಡಿರುವಾಗಲೂ ನಾಡಿ ಬೆರಳಿಗೆ ಸಹಜವಾಗಿಯೇ ಸಿಗಬಹುದು. ಎದೆನೋವಿನವರನ್ನು ನಾಡಿ ನೋಡಿಯೇ "ಏನಿಲ್ಲ, ಹೋಗಿ" ಎಂದು ಕಳುಹಿಸುವುದು ಯಾವ ಪದ್ಧತಿಯ ವೈದ್ಯನಿಗೂ ಒಪ್ಪುವಂಥದ್ದಲ್ಲ.

ರಕ್ತದಲ್ಲಿ ಹೃದಯಾಘಾತದ ಗುರುತನ್ನು ಹುಡುಕುವ ಆಧುನಿಕ ಕಥೆ 1954ರಲ್ಲಿ ಆರಂಭವಾಯಿತು. ಹೃದಯಾಘಾತವಾದವರ ರಕ್ತದಲ್ಲಿ ಎಸ್‌ಜಿಒಟಿ ಎಂಬ ಕಿಣ್ವ ಏರುತ್ತದೆ ಎಂದು ನ್ಯೂಯಾರ್ಕ್‌ನ ಸಂಶೋಧಕರು ತೋರಿಸಿದರು. ಇಂದು ನಮ್ಮ ಲಿವರ್ ಪರೀಕ್ಷೆಯ ವರದಿಯಲ್ಲಿ ಕಾಣುವ ಅದೇ ಎಸ್‌ಜಿಒಟಿ. ಅದು ಯಕೃತ್ತಿನಲ್ಲೂ ಇತರ ಸ್ನಾಯುಗಳಲ್ಲೂ ಇರುವುದರಿಂದ ಏರಿಕೆ ಎಲ್ಲಿಂದ ಬಂತು ಎಂದು ಹೇಳುವುದು ಕಷ್ಟ. ನಂತರ ಸಿಕೆ-ಎಂಬಿ ಬಂತು. 1980ರ ದಶಕದ ಕೊನೆಯಲ್ಲಿ ಟ್ರೋಪೋನಿನ್ ಪರೀಕ್ಷೆಗಳು ಬಂದ ಮೇಲೆ ಚಿತ್ರ ಬದಲಾಯಿತು.

ಇಂದು ಬಳಕೆಯಲ್ಲಿರುವ ಸೂಚಕಗಳನ್ನು ಅವು ಉತ್ತರಿಸುವ ಪ್ರಶ್ನೆಗಳ ಪ್ರಕಾರ ವಿಂಗಡಿಸಿಕೊಂಡರೆ ಗೊಂದಲವಿರುವುದಿಲ್ಲ.

1. ಹೃದಯದ ಸ್ನಾಯು ಈಗ ಸಾಯುತ್ತಿದೆಯೇ? – ಟ್ರೋಪೋನಿನ್

ಹೃದಯದ ಸ್ನಾಯು ಕುಗ್ಗಿ ಹಿಗ್ಗಲು ಬೇಕಾದ ಪ್ರೊಟೀನ್‌ಗಳಲ್ಲಿ ಟ್ರೋಪೋನಿನ್ ಒಂದು. ಅದರಲ್ಲಿ ಐ ಮತ್ತು ಟಿ ಎಂಬ ವಿಧಗಳ ಹೃದಯದ ರೂಪವನ್ನು ಪ್ರಯೋಗಾಲಯದಲ್ಲಿ ಪ್ರತ್ಯೇಕವಾಗಿ ಗುರುತಿಸಬಹುದು. ಸಹಜ ಸ್ಥಿತಿಯಲ್ಲಿ ಅದು ಜೀವಕೋಶದ ಒಳಗೇ ಇರುತ್ತದೆ. ಕೋಶಕ್ಕೆ ಪೆಟ್ಟಾದಾಗ ಹೊರಗೆ ಸೋರಿ ರಕ್ತ ಸೇರುತ್ತದೆ.

ಇಲ್ಲಿ ಗಮನಿಸಬೇಕಾದುದು ಸಮಯ. ರಕ್ತನಾಳ ಮುಚ್ಚಿದ ತಕ್ಷಣ ರಕ್ತದಲ್ಲಿ ಟ್ರೋಪೋನಿನ್ ತುಂಬಿಕೊಳ್ಳುವುದಿಲ್ಲ. ಹಳೆಯ ಮಾದರಿಯ ಪರೀಕ್ಷೆಗಳಲ್ಲಿ ಏರಿಕೆ ಕಾಣಲು ಮೂರು-ನಾಲ್ಕು ಗಂಟೆ ಬೇಕಾಗುತ್ತಿತ್ತು. ಅತಿ ಸೂಕ್ಷ್ಮ ಎಂದು ಕರೆಯುವ ಹೊಸ ಪರೀಕ್ಷೆಗಳು ಇನ್ನೂ ಬೇಗ ಹಿಡಿಯುತ್ತವೆ. ಆದರೂ ನೋವು ಆರಂಭವಾದ ಹೊಸತರಲ್ಲಿ ತೆಗೆದ ಒಂದೇ ಮಾದರಿಯನ್ನು ನಂಬಿ ಮನೆಗೆ ಕಳುಹಿಸುವಂತಿಲ್ಲ. ಅದಕ್ಕಾಗಿಯೇ ಪರೀಕ್ಷೆಯ ಬಗೆಗೆ ತಕ್ಕಂತೆ ಒಂದು, ಎರಡು ಅಥವಾ ಮೂರು ಗಂಟೆಯ ಬಳಿಕ ಮತ್ತೆ ರಕ್ತ ತೆಗೆಯುತ್ತಾರೆ. ಏರುತ್ತಿದೆಯೇ, ಇಳಿಯುತ್ತಿದೆಯೇ, ಇದ್ದಲ್ಲೇ ಇದೆಯೇ ಎಂದು ನೋಡುತ್ತಾರೆ. "ಎರಡೆರಡು ಸಲ ರಕ್ತ ತೆಗೆದು ಬಿಲ್ಲು ಹೆಚ್ಚಿಸುತ್ತಾರೆ" ಎಂದು ಗೊಣಗುವವರು ಇದನ್ನು ತಿಳಿದಿರಬೇಕು. ನಮ್ಮ ವ್ಯಾಪಾರಿಯ ಜೀವ ಉಳಿಸಿದ್ದು ಎರಡನೇ ಸಲದ ರಕ್ತ.

ಇನ್ನೊಂದು ಮಾತು. ಇಸಿಜಿಯಲ್ಲೇ ದೊಡ್ಡ ಹೃದಯಾಘಾತ ಸ್ಪಷ್ಟವಾಗಿದ್ದರೆ ಟ್ರೋಪೋನಿನ್ ವರದಿಗಾಗಿ ಕಾಯಬಾರದು. ಚಿಕಿತ್ಸೆ ತಕ್ಷಣ ಆರಂಭವಾಗಬೇಕು. ಆದ್ದರಿಂದ ಎದೆನೋವು ಬಂದಾಗ ಲ್ಯಾಬ್ ಹುಡುಕಿಕೊಂಡು ಹೋಗಿ ಟ್ರೋಪೋನಿನ್ ಮಾಡಿಸುವುದು ತಪ್ಪು ದಾರಿ. ಹೋಗಬೇಕಾದುದು ಇಸಿಜಿ ಇರುವ ಆಸ್ಪತ್ರೆಗೆ.

ಟ್ರೋಪೋನಿನ್ ಏರಿದ್ದೆಲ್ಲ ಹೃದಯಾಘಾತವೂ ಅಲ್ಲ. ದೀರ್ಘಕಾಲದ ಮೂತ್ರಪಿಂಡದ ಕಾಯಿಲೆ, ಹೃದಯ ಸ್ನಾಯುವಿನ ಉರಿಯೂತ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು, ತೀವ್ರ ಸೋಂಕು, ಮ್ಯಾರಥಾನ್‌ನಂಥ ಅತಿಶ್ರಮ ಇವುಗಳಲ್ಲೂ ಅದು ಏರಬಹುದು. 2018ರ ಅಂತಾರಾಷ್ಟ್ರೀಯ ವ್ಯಾಖ್ಯೆಯ ಪ್ರಕಾರ ಹೃದಯಾಘಾತ ಎನ್ನಲು ಟ್ರೋಪೋನಿನ್‌ನ ಏರಿಳಿತದ ಜೊತೆಗೆ ಸ್ನಾಯುವಿಗೆ ರಕ್ತ ಸಾಲದಿರುವ ಲಕ್ಷಣವೋ, ಇಸಿಜಿ ಬದಲಾವಣೆಯೋ ಅಂಥ ಬೇರೆ ಪುರಾವೆಯೂ ಬೇಕು.

ಕೂದಲು, ಉಗುರಿಗೆಂದು ಬಯೋಟಿನ್ ಮಾತ್ರೆ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಳ್ಳುವವರಿಗೆ ಒಂದು ಎಚ್ಚರಿಕೆ. ಕೆಲವು ಯಂತ್ರಗಳಲ್ಲಿ ಅದು ಟ್ರೋಪೋನಿನ್ ಅನ್ನು ಇರುವುದಕ್ಕಿಂತ ಕಡಿಮೆ ತೋರಿಸಬಲ್ಲದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಈ ಬಗ್ಗೆ ಎಚ್ಚರಿಸಿತ್ತು. ಆಸ್ಪತ್ರೆಯಲ್ಲಿ ಏನೇನು ಮಾತ್ರೆ ಸೇವಿಸುತ್ತೀರಿ ಎಂದು ಕೇಳಿದಾಗ "ಅದು ಬರೀ ವಿಟಮಿನ್" ಎಂದು ಬಿಟ್ಟುಬಿಡಬೇಡಿ.

ಈಗ ಮುಂದಿನ ಪ್ರಶ್ನೆ: ಟ್ರೋಪೋನಿನ್ ಭವಿಷ್ಯ ಹೇಳುತ್ತದೆಯೇ? ಒಂದು ಮಟ್ಟಿಗೆ ಹೌದು. 1996ರಲ್ಲಿ ಪ್ರಕಟವಾದ ಹೆಸರಾಂತ ಅಧ್ಯಯನವೊಂದರಲ್ಲಿ ಎದೆನೋವಿನಿಂದ ದಾಖಲಾದ 1,404 ಮಂದಿಯ ಟ್ರೋಪೋನಿನ್ ಅಳೆದು 42 ದಿನ ಗಮನಿಸಿದರು. ಅತಿ ಕಡಿಮೆ ಇದ್ದ ಗುಂಪಿನಲ್ಲಿ ನೂರಕ್ಕೆ ಒಬ್ಬರು ಮರಣ ಹೊಂದಿದ್ದರು. ಅತಿ ಹೆಚ್ಚು ಇದ್ದ ಗುಂಪಿನಲ್ಲಿ ನೂರಕ್ಕೆ ಏಳೂವರೆ ಮಂದಿ. ಸಂಖ್ಯೆ ಏರಿದಂತೆ ಅಪಾಯವೂ ಏರಿತ್ತು. ಈ ಅಂಕಿಯನ್ನು ಇನ್ನೊಂದು ಬದಿಯಿಂದಲೂ ಓದಬೇಕು. ಅತಿ ಹೆಚ್ಚು ಅಪಾಯದ ಗುಂಪಿನಲ್ಲೂ ನೂರಕ್ಕೆ 92ಕ್ಕಿಂತ ಹೆಚ್ಚು ಮಂದಿ ಬದುಕಿದ್ದರು. ಯಾರನ್ನು ಹೆಚ್ಚು ಜಾಗ್ರತೆಯಿಂದ ನೋಡಿಕೊಳ್ಳಬೇಕು ಎಂದು ಈ ಸಂಖ್ಯೆ ವೈದ್ಯರಿಗೆ ಹೇಳುತ್ತದೆ. ಯಾರು ಸಾಯುತ್ತಾರೆ ಎಂದು ಹೇಳುವುದಿಲ್ಲ.

2. ಹೃದಯ ದಣಿಯುತ್ತಿದೆಯೇ? – ಬಿಎನ್‌ಪಿ, ಎನ್‌ಟಿ-ಪ್ರೋಬಿಎನ್‌ಪಿ

ಹೃದಯ ಬರೀ ಪಂಪ್ ಅಲ್ಲ, ಹಾರ್ಮೋನ್ ತಯಾರಿಸುವ ಗ್ರಂಥಿಯೂ ಹೌದು ಎಂದು ತಿಳಿದದ್ದು 1981ರಲ್ಲಿ. ಇಲಿಯ ಹೃದಯದ ಮೇಲ್ಕೋಣೆಯ ರಸವನ್ನು ಇನ್ನೊಂದು ಇಲಿಗೆ ಚುಚ್ಚಿದಾಗ ಅದು ಹೆಚ್ಚು ಉಪ್ಪು, ನೀರನ್ನು ಮೂತ್ರದಲ್ಲಿ ಹೊರಹಾಕಿದ್ದನ್ನು ಕೆನಡಾದ ಸಂಶೋಧಕರು ಕಂಡರು. 1988ರಲ್ಲಿ ಜಪಾನಿನವರು ಹಂದಿಯ ಮೆದುಳಿನಲ್ಲಿ ಅದೇ ಬಗೆಯ ಇನ್ನೊಂದು ವಸ್ತು ಕಂಡುಹಿಡಿದರು. ಮೆದುಳಿನಲ್ಲಿ ಸಿಕ್ಕಿದ್ದರಿಂದ ಹೆಸರಿನಲ್ಲಿ 'ಬ್ರೈನ್' ಸೇರಿಕೊಂಡಿತು. ಆದರೆ ಮನುಷ್ಯರಲ್ಲಿ ಅದು ಮುಖ್ಯವಾಗಿ ಬರುವುದು ಹೃದಯದ ಕೆಳಕೋಣೆಗಳಿಂದ. ಅದೇ ಬಿಎನ್‌ಪಿ. ಎನ್‌ಟಿ-ಪ್ರೋಬಿಎನ್‌ಪಿ ಎಂಬುದು ಅದರ ಜೊತೆಯಲ್ಲೇ ಬಿಡುಗಡೆಯಾಗುವ ತುಣುಕು.

ಹೃದಯದ ಗೋಡೆ ಅತಿಯಾಗಿ ಹಿಗ್ಗಿ ಒತ್ತಡಕ್ಕೊಳಗಾದಾಗ ಇವು ಏರುತ್ತವೆ. ಉಬ್ಬಸದಿಂದ ಬಂದ ಹಿರಿಯರಲ್ಲಿ ಕಾರಣ ಶ್ವಾಸಕೋಶವೋ ಹೃದಯವೋ ಎಂದು ಬೇರ್ಪಡಿಸಲು ಇದು ಬಹಳ ಉಪಯುಕ್ತ. ದಿಢೀರ್ ಉಬ್ಬಸದಲ್ಲಿ ಬಿಎನ್‌ಪಿ 100 ಪಿಕೋಗ್ರಾಂಗಿಂತ ಅಥವಾ ಎನ್‌ಟಿ-ಪ್ರೋಬಿಎನ್‌ಪಿ 300 ಪಿಕೋಗ್ರಾಂಗಿಂತ (ಒಂದು ಮಿಲಿಲೀಟರ್ ರಕ್ತದಲ್ಲಿ) ಕಡಿಮೆಯಿದ್ದರೆ ಹೃದಯ ವೈಫಲ್ಯ ಕಾರಣವಾಗಿರುವ ಸಾಧ್ಯತೆ ತೀರಾ ಕಡಿಮೆ. ಹೆಚ್ಚಿದ್ದರೆ ಎಕೋ ಮಾಡಿ ನೋಡಬೇಕು.

ಇಲ್ಲೂ ಮನುಷ್ಯನನ್ನು ನೋಡಿ ಸಂಖ್ಯೆಯನ್ನು ಓದಬೇಕು. ವಯಸ್ಸು ಹೆಚ್ಚಿದಂತೆ, ಮೂತ್ರಪಿಂಡ ದುರ್ಬಲವಾದಂತೆ, ಹೃದಯದ ಲಯ ತಪ್ಪಿದಾಗ ಇದು ಏರುತ್ತದೆ. ಬೊಜ್ಜು ಇರುವವರಲ್ಲಿ ನಿಜಕ್ಕಿಂತ ಕಡಿಮೆ ಕಾಣುತ್ತದೆ. ದಿಢೀರ್ ಹೃದಯ ವೈಫಲ್ಯ ಎಂದು ನಿರ್ಧರಿಸಲು 50 ವರ್ಷದೊಳಗಿನವರಿಗೆ 450, 50ರಿಂದ 75ರವರೆಗೆ 900, ಅದಕ್ಕೂ ಮೇಲ್ಪಟ್ಟವರಿಗೆ 1,800 ಎಂದು ಬೇರೆ ಬೇರೆ ಎನ್‌ಟಿ-ಪ್ರೋಬಿಎನ್‌ಪಿ ಮಿತಿ ಬಳಸುವುದು ಇದಕ್ಕಾಗಿಯೇ. ಎಂಬತ್ತು ದಾಟಿದ ಅಜ್ಜನ ವರದಿಯನ್ನು ನಲವತ್ತರ ಮೊಮ್ಮಗನ ವರದಿಯ ಪಕ್ಕ ಇಟ್ಟು ಹೆದರಬೇಡಿ.

ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದವರಲ್ಲಿ ಈ ಸೂಚಕದ ಮುನ್ಸೂಚನೆ ಇನ್ನೂ ಮುಖ್ಯ. ಚಿಕಿತ್ಸೆಯ ಬಳಿಕ ಬಿಡುಗಡೆಯ ಹೊತ್ತಿಗೆ ಅದು ಚೆನ್ನಾಗಿ ಇಳಿದಿದ್ದರೆ ಮುಂದಿನ ದಿನಗಳು ಸಾಮಾನ್ಯವಾಗಿ ಉತ್ತಮ. ಇಳಿಯದಿದ್ದರೆ ಮತ್ತೆ ದಾಖಲಾಗುವ ಸಾಧ್ಯತೆ ಹೆಚ್ಚು. ಅಂಥವರ ಮನೆಯಲ್ಲಿ ಪ್ರತಿದಿನ ಬೆಳಿಗ್ಗೆ ತೂಕ ನೋಡಿ ಬರೆದಿಡಬೇಕು. ಎರಡು-ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ ನೀರು ತುಂಬುತ್ತಿದೆ ಎಂದರ್ಥ; ವೈದ್ಯರಿಗೆ ತಿಳಿಸಬೇಕು. ಉಪ್ಪಿನಕಾಯಿ, ಹಪ್ಪಳ, ಒಣಮೀನು ದೂರವಿಡಬೇಕು. ಕೆಮ್ಮಿಗೆಂದು ಜ್ಯೇಷ್ಠಮಧು ಅಗಿಯುವ ಅಭ್ಯಾಸವೂ ಇವರಿಗೆ ಬೇಡ. ಅದು ಹೆಚ್ಚಾದರೆ ದೇಹದಲ್ಲಿ ನೀರು ನಿಲ್ಲುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ರಕ್ತದೊತ್ತಡ ಏರುತ್ತದೆ.

3. ರಕ್ತನಾಳ ಮುಂದೆ ಕಟ್ಟಿಕೊಳ್ಳುವ ಅಪಾಯ ಎಷ್ಟು? – ಎಲ್‌ಡಿಎಲ್, ಅಪೋಬಿ, ಲೈಪೋಪ್ರೊಟೀನ್ (ಎ)

ಟ್ರೋಪೋನಿನ್ ಇಂದಿನ ಸುದ್ದಿ ಹೇಳಿದರೆ ಕೊಬ್ಬಿನ ಪರೀಕ್ಷೆಗಳು ಮುಂದಿನ ಹತ್ತು, ಇಪ್ಪತ್ತು ವರ್ಷಗಳ ಬಗ್ಗೆ ಹೇಳುತ್ತವೆ. ಎಲ್‌ಡಿಎಲ್ ಕಣಗಳು ರಕ್ತನಾಳದ ಗೋಡೆಯೊಳಗೆ ನುಸುಳಿ ವರ್ಷಗಟ್ಟಲೆ ಶೇಖರವಾಗುತ್ತವೆ. ಆದ್ದರಿಂದ ಇಂದಿನ ಎಲ್‌ಡಿಎಲ್ ನಾರ್ಮಲ್ ಎಂಬುದು ಇಂದಿನ ಎದೆನೋವಿಗೆ ಉತ್ತರವಲ್ಲ.

ನಾರ್ಮಲ್ ಎಂಬ ಪದದಲ್ಲೇ ಒಂದು ತೊಡಕಿದೆ. ಲ್ಯಾಬ್‌ನ ಹಾಳೆಯಲ್ಲಿ ಅಚ್ಚಾಗಿರುವ ಮಿತಿ ಸಾಮಾನ್ಯ ಜನರಿಗೆ. ಒಮ್ಮೆ ಹೃದಯಾಘಾತ ಆದವರಿಗೆ ಆ ಮಿತಿ ಅನ್ವಯಿಸುವುದಿಲ್ಲ. ಯುರೋಪಿನ 2019ರ ಮಾರ್ಗಸೂಚಿ ಅಂಥವರ ಎಲ್‌ಡಿಎಲ್ 55 ಮಿ.ಗ್ರಾಂಗಿಂತ ಕೆಳಗಿರಬೇಕು ಎನ್ನುತ್ತದೆ. ಸ್ಟೆಂಟ್ ಹಾಕಿಸಿಕೊಂಡವರು 95 ನೋಡಿ, "ನಾರ್ಮಲ್ ಬಂತು, ಇನ್ನು ಮಾತ್ರೆ ಯಾಕೆ?" ಎಂದು ಸ್ಟಾಟಿನ್ ನಿಲ್ಲಿಸುವುದನ್ನು ನಾನು ಆಗಾಗ ಕಾಣುತ್ತೇನೆ. ಸಂಖ್ಯೆ ಇಳಿದಿರುವುದೇ ಮಾತ್ರೆಯಿಂದ. ನಿಲ್ಲಿಸಿದರೆ ಮತ್ತೆ ಏರುತ್ತದೆ.

ಅಪೋಬಿ ಎಂಬುದು ಇನ್ನೊಂದು ಪರೀಕ್ಷೆ. ರಕ್ತನಾಳಕ್ಕೆ ಕೆಡುಕು ಮಾಡುವ ಪ್ರತಿಯೊಂದು ಕೊಬ್ಬಿನ ಕಣದ ಮೇಲೂ ಒಂದೇ ಒಂದು ಅಪೋಬಿ ಇರುತ್ತದೆ. ಆದ್ದರಿಂದ ಅಪೋಬಿ ಅಳೆದರೆ ಕಣಗಳ ಸಂಖ್ಯೆಯನ್ನೇ ಎಣಿಸಿದಂತೆ. ಎಲ್‌ಡಿಎಲ್ ಕೊಲೆಸ್ಟರಾಲ್ ಲಾರಿಗಳಲ್ಲಿರುವ ಒಟ್ಟು ಸರಕಿನ ತೂಕ ಹೇಳಿದರೆ, ಅಪೋಬಿ ರಸ್ತೆಯಲ್ಲಿ ಎಷ್ಟು ಲಾರಿಗಳಿವೆ ಎಂದು ಹೇಳುತ್ತದೆ. ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಹೆಚ್ಚು ಟ್ರೈಗ್ಲಿಸರೈಡ್ ಇರುವವರಲ್ಲಿ ಸರಕು ಕಡಿಮೆ ಹೊತ್ತ ಸಣ್ಣ ಲಾರಿಗಳು ಹೆಚ್ಚು ಓಡಾಡುತ್ತಿರುತ್ತವೆ. ಆಗ ಎಲ್‌ಡಿಎಲ್ ಚೆನ್ನಾಗಿ ಕಂಡರೂ ಅಪಾಯ ಇದ್ದೇ ಇರುತ್ತದೆ. ಅಪೋಬಿ ಮಾಡಿಸಲು ಅನುಕೂಲವಿಲ್ಲದವರು ಮನೆಯಲ್ಲೇ ಒಂದು ಲೆಕ್ಕ ಮಾಡಬಹುದು. ಒಟ್ಟು ಕೊಲೆಸ್ಟರಾಲ್‌ನಿಂದ ಎಚ್‌ಡಿಎಲ್ ಕಳೆಯಿರಿ. ಉಳಿದುದೇ ನಾನ್-ಎಚ್‌ಡಿಎಲ್. ಅದನ್ನು ವೈದ್ಯರಿಗೆ ತೋರಿಸಿ. ಈ ಲೆಕ್ಕಕ್ಕೆ ಹೆಚ್ಚಿನ ಖರ್ಚಿಲ್ಲ.

ಮೂರನೆಯದು ಲೈಪೋಪ್ರೊಟೀನ್ (ಎ). ನಾರ್ವೆಯ ಕೋರೆ ಬೆರ್ಗ್ ಇದನ್ನು 1963ರಲ್ಲಿ ಗುರುತಿಸಿದರು. ಇದರ ಮಟ್ಟ ಬಹುಪಾಲು ವಂಶವಾಹಿಯಿಂದಲೇ ನಿರ್ಧಾರವಾಗುತ್ತದೆ. ಪಥ್ಯ, ವ್ಯಾಯಾಮದಿಂದ ಅಷ್ಟಾಗಿ ಬದಲಾಗುವುದಿಲ್ಲ. ಜಗತ್ತಿನ ಸುಮಾರು ಐವರಲ್ಲಿ ಒಬ್ಬರಿಗೆ ಇದು 50 ಮಿ.ಗ್ರಾಂಗಿಂತ ಹೆಚ್ಚು ಎಂದು ಅಂದಾಜು. ಜೀವಮಾನದಲ್ಲಿ ಒಮ್ಮೆ ಮಾಡಿಸಿದರೆ ಸಾಮಾನ್ಯವಾಗಿ ಸಾಕು. ತಂದೆಗೋ ಅಣ್ಣನಿಗೋ ಐವತ್ತೈದರ ಒಳಗೆ, ತಾಯಿಗೋ ಅಕ್ಕನಿಗೋ ಅರವತ್ತೈದರ ಒಳಗೆ ಹೃದಯಾಘಾತವಾಗಿದ್ದರೆ ಈ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಹೆಚ್ಚು ಬಂದರೆ ನಿರಾಶರಾಗಬೇಕಿಲ್ಲ. ಅದನ್ನು ನೇರವಾಗಿ ತಗ್ಗಿಸುವ ಔಷಧಗಳ ದೊಡ್ಡ ಪ್ರಯೋಗಗಳು ನಡೆಯುತ್ತಿವೆ. ಅದುವರೆಗೆ ನಮ್ಮ ಕೈಯಲ್ಲಿರುವ ಉಳಿದೆಲ್ಲವನ್ನು, ಅಂದರೆ ಎಲ್‌ಡಿಎಲ್, ಬಿಪಿ, ಸಕ್ಕರೆ, ಬೀಡಿ-ಸಿಗರೇಟನ್ನು ಇತರರಿಗಿಂತ ಬಿಗಿಯಾಗಿ ಹಿಡಿಯಬೇಕು.

4. ಒಳಗೆ ಉರಿಯೂತ ಇದೆಯೇ? – ಎಚ್‌ಎಸ್-ಸಿಆರ್‌ಪಿ

ಸಿಆರ್‌ಪಿ ಎಂಬ ಪ್ರೊಟೀನನ್ನು 1930ರಲ್ಲಿ ನ್ಯುಮೋನಿಯಾ ರೋಗಿಗಳಲ್ಲಿ ಗುರುತಿಸಲಾಯಿತು. ದೇಹದಲ್ಲಿ ಎಲ್ಲೇ ಉರಿಯೂತವಿದ್ದರೂ ಯಕೃತ್ತು ಅದನ್ನು ತಯಾರಿಸುತ್ತದೆ. ರಕ್ತನಾಳದ ಗೋಡೆಯ ಕೊಬ್ಬಿನ ಗಂಟೂ ಒಂದು ಬಗೆಯ ಉರಿಯೂತವೇ ಎಂದು ತಿಳಿದ ಮೇಲೆ ಅದರ ಸಣ್ಣ ಪ್ರಮಾಣವನ್ನೂ ಅಳೆಯುವ ಅತಿ ಸೂಕ್ಷ್ಮ ಪರೀಕ್ಷೆ ಬಂತು. ಒಂದು ಲೀಟರಿಗೆ 1 ಮಿ.ಗ್ರಾಂಗಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3ಕ್ಕಿಂತ ಹೆಚ್ಚು ಇದ್ದರೆ ಹೆಚ್ಚು ಎಂದು ಲೆಕ್ಕ. 10 ದಾಟಿದರೆ ಅದು ಹೃದಯದ ಸುದ್ದಿಯಾಗಿರದೆ ಹಲ್ಲಿನ ಕೀವೋ, ಜ್ವರವೋ ಆಗಿರಬಹುದು. ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು. ನೆಗಡಿ ಇರುವಾಗ ಈ ಪರೀಕ್ಷೆ ಮಾಡಿಸಿ ಗಾಬರಿಯಾಗುವವರೇ ಹೆಚ್ಚು.

ಈ ಸೂಚಕ ಚಿಕಿತ್ಸೆಗೆ ದಾರಿ ತೋರುತ್ತದೆಯೇ ಎಂದು ನೋಡಿದ ದೊಡ್ಡ ಅಧ್ಯಯನ 2008ರ ಜುಪಿಟರ್. ಎಲ್‌ಡಿಎಲ್ ಹೆಚ್ಚಿಲ್ಲದ, ಸಿಆರ್‌ಪಿ ಮಾತ್ರ 2ಕ್ಕಿಂತ ಹೆಚ್ಚಿದ್ದ 17,802 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಸ್ಟಾಟಿನ್, ಉಳಿದರ್ಧಕ್ಕೆ ಔಷಧವಿಲ್ಲದ ಮಾತ್ರೆ ಕೊಟ್ಟರು. ಹೃದಯಾಘಾತ, ಪಾರ್ಶ್ವವಾಯು ಮುಂತಾದ ಘಟನೆಗಳು ಸ್ಟಾಟಿನ್ ಗುಂಪಿನಲ್ಲಿ 142, ಇನ್ನೊಂದರಲ್ಲಿ 251. ಪತ್ರಿಕೆಗಳಲ್ಲಿ "ಅಪಾಯ ಶೇ. 44 ಇಳಿಕೆ" ಎಂದು ಬಂತು. ಅದು ನಿಜ. ಆದರೆ ಅದನ್ನೇ ಹೀಗೂ ಹೇಳಬಹುದು: ಸುಮಾರು ಎರಡು ವರ್ಷದಲ್ಲಿ ಸಾವಿರ ಜನರಲ್ಲಿ 28ರ ಬದಲು 16 ಮಂದಿಗೆ ತೊಂದರೆಯಾಯಿತು. ಆರೋಗ್ಯದ ಸುದ್ದಿ ಓದುವಾಗ ಎರಡನೇ ಲೆಕ್ಕವನ್ನೂ ಕೇಳುವ ಅಭ್ಯಾಸ ನಮಗಿರಬೇಕು.

ಇಲ್ಲಿ ನನ್ನ ಪದ್ಧತಿಗೆ ಸಂಬಂಧಿಸಿದ ಒಂದು ವಿಷಯವಿದೆ. ಯುನಾನಿಯಲ್ಲಿ ಸಂಧಿನೋವಿಗೆ ಸುರಂಜಾನ್ ಗಡ್ಡೆ ಬಳಸುತ್ತಾರೆ. ಅದೇ ಜಾತಿಯ ಗಿಡಗಳಲ್ಲಿರುವ ಕೊಲ್ಚಿಸಿನ್ ಎಂಬ ಸಾರವನ್ನು ದೀರ್ಘಕಾಲದ ಹೃದ್ರೋಗವುಳ್ಳ 5,522 ಮಂದಿಯ ಮೇಲೆ ಪರೀಕ್ಷಿಸಿದ 2020ರ ಅಧ್ಯಯನದಲ್ಲಿ ದಿನಕ್ಕೆ ಅರ್ಧ ಮಿಲಿಗ್ರಾಂ ಪಡೆದವರಲ್ಲಿ ಹೃದಯದ ತೊಂದರೆಗಳು ಶೇ. 31 ಕಡಿಮೆಯಾದವು. ಆದರೆ 2024ರಲ್ಲಿ ಪ್ರಕಟವಾದ ಇನ್ನೂ ದೊಡ್ಡ ಅಧ್ಯಯನದಲ್ಲಿ ಹೃದಯಾಘಾತದ ಬೆನ್ನಿಗೇ ಆರಂಭಿಸಿದವರಲ್ಲಿ ಪ್ರಯೋಜನ ಕಾಣಲಿಲ್ಲ. ಈ ಸುದ್ದಿ ಕೇಳಿ ಯಾರೂ ಪೇಟೆಯಿಂದ ಸುರಂಜಾನ್ ತಂದು ಕುದಿಸಿ ಕುಡಿಯಬಾರದು. ಕೊಲ್ಚಿಸಿನ್‌ನಲ್ಲಿ ಔಷಧದ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಮೂತ್ರಪಿಂಡ ದುರ್ಬಲವಾಗಿದ್ದವರಿಗೆ ಅದು ಪ್ರಾಣಾಪಾಯ. ಗಿಡದಿಂದ ಬಂದದ್ದೆಲ್ಲ ನಿರಪಾಯ ಎಂಬ ನಂಬಿಕೆಯನ್ನು ಯುನಾನಿ ವೈದ್ಯನಾಗಿಯೇ ನಾನು ಅಲ್ಲಗಳೆಯುತ್ತೇನೆ.

5. ಮರೆತುಹೋಗುವ ಎರಡು ಸಂಖ್ಯೆಗಳು

ದುಬಾರಿ ಪರೀಕ್ಷೆಗಳ ನಡುವೆ ಕ್ರಿಯಾಟಿನಿನ್ ಮತ್ತು ಎಚ್‌ಬಿಎ1ಸಿಯನ್ನು ಯಾರೂ ಹೃದಯದ ಪರೀಕ್ಷೆ ಎಂದು ನೋಡುವುದಿಲ್ಲ. ಆದರೆ ಹೃದಯಾಘಾತವಾದವರ ಅಪಾಯ ಲೆಕ್ಕ ಹಾಕಲು ವಿಶ್ವದಾದ್ಯಂತ ಬಳಸುವ ಗ್ರೇಸ್ ಅಂಕದಲ್ಲಿ ಮೂತ್ರಪಿಂಡದ ಸೂಚಕವಾದ ಕ್ರಿಯಾಟಿನಿನ್‌ಗೂ ಸ್ಥಾನವಿದೆ. ವಯಸ್ಸು, ನಾಡಿಬಡಿತ, ರಕ್ತದೊತ್ತಡ, ಇಸಿಜಿ, ಟ್ರೋಪೋನಿನ್‌ನಂಥ ಸೂಚಕಗಳು ಅದರ ಜೊತೆ ಸೇರುತ್ತವೆ. ಎಂಥ ಹೊಸ ಸೂಚಕವೂ ಒಂಟಿಯಾಗಿ ಭವಿಷ್ಯ ಹೇಳುವುದಿಲ್ಲ. ಬೆರಳಿಗೆ ಸಿಗುವ ನಾಡಿಬಡಿತಕ್ಕೂ ಆ ಲೆಕ್ಕದಲ್ಲಿ ಜಾಗವಿದೆ ಎಂಬುದು ನನಗೆ ಸಮಾಧಾನದ ವಿಷಯ.

ಹೆದರಿಕೆಯ ಸಾಲು

2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ 46ರ ವಯಸ್ಸಿನಲ್ಲಿ ತೀರಿಕೊಂಡಾಗ, 2025ರಲ್ಲಿ ಹಾಸನದ ಸಾವುಗಳ ಸುದ್ದಿ ಹರಡಿದಾಗ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿದರು. ಭಯ ಸಹಜ. ಆದರೆ ಭಯ ಇಳಿದ ಮೇಲೆ ಆ ವರದಿಗಳೆಲ್ಲ ಬೀರು ಸೇರುತ್ತವೆ. ವರ್ಷಕ್ಕೊಂದು ಪ್ಯಾಕೇಜ್ ಮಾಡಿಸಿ ದಿನಕ್ಕೊಂದು ಪ್ಯಾಕ್ ಸಿಗರೇಟು ಸೇದಿದರೆ ಪ್ರಯೋಜನವೇನು?

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ಅವರು ಕೆನಡಾದಿಂದ ಮುನ್ನಡೆಸಿದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಪ್ರಕಟವಾಯಿತು. 52 ದೇಶಗಳ ಜನರನ್ನು ಹೋಲಿಸಿ ನೋಡಿದಾಗ ಮೊದಲ ಹೃದಯಾಘಾತದ ಅಪಾಯದಲ್ಲಿ ಶೇ. 90ಕ್ಕಿಂತ ಹೆಚ್ಚು ಪಾಲನ್ನು ಒಂಬತ್ತೇ ಸಂಗತಿಗಳು ವಿವರಿಸುತ್ತಿದ್ದವು: ರಕ್ತದ ಕೊಬ್ಬಿನ ಏರುಪೇರು, ಧೂಮಪಾನ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು-ತರಕಾರಿ ಕಡಿಮೆ ತಿನ್ನುವುದು, ಮದ್ಯಪಾನದ ಅಭ್ಯಾಸ, ದೈಹಿಕ ಶ್ರಮವಿಲ್ಲದಿರುವುದು. ಇವುಗಳಲ್ಲಿ ಲ್ಯಾಬ್‌ಗೆ ಹೋಗಿ ರಕ್ತ ಕೊಡಬೇಕಾದುದು ಎರಡಕ್ಕೆ ಮಾತ್ರ. ಉಳಿದುದಕ್ಕೆ ಬಿಪಿ ಯಂತ್ರ, ಅಳತೆ ಟೇಪು ಮತ್ತು ಪ್ರಾಮಾಣಿಕ ಉತ್ತರ ಸಾಕು. ಅದೇ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾಗುವ ಸರಾಸರಿ ವಯಸ್ಸು 53. ಇತರರಿಗೆ ಸುಮಾರು 59. ಮನೆ ಕಟ್ಟುವ, ಮಗಳ ಮದುವೆ ಮಾಡುವ ವಯಸ್ಸಿನಲ್ಲೇ ನಮ್ಮವರಿಗೆ ಈ ಕಾಯಿಲೆ ಬರುತ್ತಿದೆ.

ಏನು ಮಾಡಬೇಕು?

- ಎದೆಯ ನಡುವೆ ಒತ್ತಿದಂಥ ನೋವು, ದವಡೆ ಅಥವಾ ಎಡಗೈಗೆ ಹರಡುವ ನೋವು, ತಣ್ಣನೆ ಬೆವರು, ಉಬ್ಬಸ ಇದ್ದರೆ ಹಳೆಯ ವರದಿ ಹುಡುಕಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಮಹಿಳೆಯರು ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಬರೀ ಸುಸ್ತು, ಉಬ್ಬಸ, ವಾಕರಿಕೆಯೇ ಲಕ್ಷಣವಾಗಿರಬಹುದು.
- ತಾಲೂಕು ಆಸ್ಪತ್ರೆಯನ್ನು ದಾಟಿ ದೂರದ ನಗರಕ್ಕೆ ಓಡಬೇಡಿ. ಸರ್ಕಾರದ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ನೋಡಿ ತಜ್ಞರ ಸಲಹೆ ಪಡೆದು ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ.
- ವೈದ್ಯರು ಎರಡನೇ ಬಾರಿ ರಕ್ತ ಕೇಳಿದರೆ ಕೊಡಿ. ಮೊದಲ ವರದಿ ನೋಡಿ ಎದ್ದು ಹೋಗಬೇಡಿ.
- ತೊಂದರೆಯಿಲ್ಲದವರು ಬಿಪಿ, ಸಕ್ಕರೆ, ಲಿಪಿಡ್ ಪ್ರೊಫೈಲ್, ಕ್ರಿಯಾಟಿನಿನ್ ನೋಡಿಸಿದರೆ ಆರಂಭಕ್ಕೆ ಸಾಕು. ಲಕ್ಷಣವಿಲ್ಲದೆ ಟ್ರೋಪೋನಿನ್, ಬಿಎನ್‌ಪಿ ಇರುವ ದುಬಾರಿ ಪ್ಯಾಕೇಜ್ ಬೇಕಾಗಿಲ್ಲ.
- ವರದಿಗಳನ್ನು ದಿನಾಂಕದ ಪ್ರಕಾರ ಒಂದೇ ಫೈಲಿನಲ್ಲಿಡಿ. ಸಾಧ್ಯವಾದಷ್ಟು ಒಂದೇ ಲ್ಯಾಬ್‌ನಲ್ಲಿ ಮಾಡಿಸಿ. ಒಂದು ಸಂಖ್ಯೆಗಿಂತ ಅದು ಸಾಗುತ್ತಿರುವ ದಿಕ್ಕು ಹೆಚ್ಚು ತಿಳಿಸುತ್ತದೆ.
- ಸ್ಟೆಂಟ್ ಅಥವಾ ಬೈಪಾಸ್ ಆದವರು ಯಾವ ಹಕೀಮರ, ವೈದ್ಯರ ಖಮೀರಾ, ಕಷಾಯಕ್ಕಾಗಿಯೂ ರಕ್ತ ತೆಳುಮಾಡುವ ಮಾತ್ರೆ, ಸ್ಟಾಟಿನ್ ನಿಲ್ಲಿಸಬಾರದು. ಜೊತೆಗೆ ಬೇರೆ ಔಷಧ ಸೇವಿಸುತ್ತಿದ್ದರೆ ಇಬ್ಬರು ವೈದ್ಯರಿಗೂ ತಿಳಿಸಿ.

ಮೊನ್ನೆ ಆ ಬಟ್ಟೆ ವ್ಯಾಪಾರಿ ಮತ್ತೆ ಬಂದಿದ್ದರು. ಈ ಸಲ ಭಾವನನ್ನು ತೋರಿಸಲು. ಭಾವನಿಗೆ ವಯಸ್ಸು 51. ದಿನಕ್ಕೆ ಹದಿನೈದು ಸಿಗರೇಟು. ಕೈಯಲ್ಲಿ ಹೊಸ ವರದಿಯಿತ್ತು. "ಎಲ್ಲಾ ನಾರ್ಮಲ್ ಅಲ್ವಾ ಡಾಕ್ಟ್ರೇ?" ಎಂದರು. ವರದಿ ಪಕ್ಕಕ್ಕಿಟ್ಟು ಬಿಪಿ ನೋಡಿದೆ: 160/100. ಆ ಹಾಳೆಯಲ್ಲಿ ಬಿಪಿಗೆ ಜಾಗವೇ ಇರಲಿಲ್ಲ, ಸಿಗರೇಟಿಗೂ ಇರಲಿಲ್ಲ. ಅವರ ಚಿಕಿತ್ಸೆ ಅಲ್ಲಿಂದ ಶುರುವಾಯಿತು.